ಎಲ್ಲರ ಮೊದಲ ತುತ್ತು ಆದ ಮೇಲೆ

೧೮ ಜನವರಿ ೨೦೨೫, ಶನಿವಾರ. ಕುಶಾಲನಗರ

ತುಳಸಿಗೆ ‘ಗೊತ್ತು’ ಎಂದುಬಿಟ್ಟೆ. ನನಗೆ ಗೊತ್ತಿರಲಿಲ್ಲ.

ಮಗ ಶಿವಪ್ರಕಾಶ ತೀರಿಹೋಗಿ ಇಂದಿಗೆ ಹತ್ತು ದಿನ. ಕಾಫಿ ಬೀಜ ಹದ ಮಾಡುವ ನಮ್ಮ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಅವನ ಜೊತೆ ಕಾಫಿ ರುಚಿ ನೋಡುತ್ತಿದ್ದ ತುಳಸಿ ಮಧ್ಯಾಹ್ನ ಮಾತಾಡಿಸಲು ಬಂದಿದ್ದಳು. ನನ್ನ ಮಗ ವರ್ತಕರ ಸಂಘದ ಅಧ್ಯಕ್ಷ, ಒಂದೇ ಗುಟುಕಿಗೆ ಯಾವ ತೋಟದ ಕಾಫಿ ಎಂದು ಹೇಳುತ್ತಿದ್ದವನು ಎಂದು ಅವಳ ಮುಂದೆ ಹೊಗಳಿದೆ. ಅವಳು ಅತ್ತಳು.

“ಅಮ್ಮಾರೆ, ಕೊರೊನಾ ಬಂದೋದ್ಮೇಲೆ ಸಾರ್‌ಗೆ ರುಚಿನೂ ಇರ್ಲಿಲ್ಲ, ವಾಸನೆನೂ ಇರ್ಲಿಲ್ಲ. ನಾನು ಕುಡ್ದು ಹೇಳ್ತಿದ್ದೆ, ಅವ್ರು ಬರ್ಕೊಳ್ಳೋರು. ನಿಮಗ್ ಗೊತ್ತಲ್ವಾ?”

ಎಷ್ಟೇ ಕೆಲಸವಿದ್ದರೂ ಶಿವಪ್ರಕಾಶ ಒಂದು ಗಂಟೆಗೆ ಊಟಕ್ಕೆ ಮನೆಗೇ ಬರುತ್ತಿದ್ದ. ನಾವೆಲ್ಲ ಮೊದಲ ತುತ್ತು ತಿನ್ನುವವರೆಗೆ ತಟ್ಟೆಗೆ ಕೈ ಹಾಕುತ್ತಿರಲಿಲ್ಲ. ನಾನು ಕಲಿಸಿದ ಮರ್ಯಾದೆ ಎಂದು ನೆಂಟರ ಮುಂದೆಲ್ಲ ಹೇಳಿಕೊಳ್ಳುತ್ತಿದ್ದೆ. ಅವನು ನಮ್ಮ ಮುಖ ನೋಡಿ ಅಡುಗೆಯ ರುಚಿ ತಿಳಿದುಕೊಳ್ಳುತ್ತಿದ್ದ ಎಂದು ಈಗ ಹೊಳೆಯುತ್ತಿದೆ.

ದೀಪಾವಳಿಯ ಮಾರನೇ ದಿನ ನಾನು ಮಾಡಿದ ಹುರುಳಿ ಸಾರು ತಳ ಹಿಡಿದಿತ್ತು. ನನಗೆ ಹೆದರಿ ಯಾರೂ ಮುಖ ಕಿವುಚಲಿಲ್ಲ. ಅವನು, “ಅಮ್ಮ, ಇವತ್ತು ಭಾಳ ಚೆನ್ನಾಗಿದೆ, ಇನ್ನೊಂದ್ ಸೌಟು ಹಾಕು” ಎಂದ. ನನ್ನ ಮಾನ ಉಳಿಸಿದ ಎಂದು ಒಳಗೊಳಗೇ ಹಿಗ್ಗಿದ್ದೆ.

ನಾಳೆ ಹನ್ನೊಂದನೇ ದಿನ. ಸೊಸೆ ತೇಜಸ್ವಿನಿ ಈಗ ಬಂದು, “ಅತ್ತೆ, ಎಡೆಗೆ ಅವ್ರಿಗೆ ಇಷ್ಟವಾದ್ದು ಏನ್ ಮಾಡ್ಲಿ?” ಎಂದು ಕೇಳಿದಳು. ಈ ಮನೆಯಲ್ಲಿ ಅದನ್ನು ಹೇಳುವವಳು ಯಾವತ್ತೂ ನಾನೇ. ಅವನಿಗೆ ರುಚಿ ಹೋದದ್ದು ಅವಳಿಗೆ ಗೊತ್ತಿತ್ತೇ ಎಂದು ಕೇಳಲು ಧೈರ್ಯ ಬರಲಿಲ್ಲ.

“ನೀನೇ ಹೇಳು” ಎಂದೆ.

ಅವಳು ನನ್ನ ಮುಖವನ್ನೇ ನೋಡುತ್ತ ನಿಂತಳು.