ಅಮ್ಮ ಪಾಪ ಮಾಡಲು ಹೊರಟಿದ್ದಾಳೆ

ಲಾಂಡ್ರಿಯ ಹಿಂದಿನ ಕೋಣೆಯಿಂದ,
ಫೆಬ್ರವರಿ ೧೯, ಮಧ್ಯಾಹ್ನ

ತಮ್ಮಾ,

'ಪ್ರೀತಿಯ' ಎಂದು ಶುರುಮಾಡುವುದು ನಮ್ಮ ಮನೆಯ ಅಭ್ಯಾಸ. ಈ ಸಲ ಮನಸ್ಸಾಗಲಿಲ್ಲ, ಬಿಟ್ಟಿದ್ದೇನೆ. ನಿನ್ನ ಮಂಡಿನೋವು ಹೇಗಿದೆ? ಭಾನುವಾರ ಎರಡು ಆರಾಧನೆ, ಎರಡರಲ್ಲೂ ಗಂಟೆಗಟ್ಟಲೆ ನಿಂತು ಮಾತಾಡುವವನು ನೀನು. ಮುಲಾಮು ಹಚ್ಚಿಕೊಳ್ಳುತ್ತಿದ್ದೀಯೋ ಅಥವಾ ಅದನ್ನೂ ದೇವರ ಮೇಲೆ ಹಾಕಿ ಕೂತಿದ್ದೀಯೋ? ನಿನ್ನ ಹೆಂಡತಿಯ ಕೆಮ್ಮು ಕಡಿಮೆಯಾಯಿತೇ? ನಾನು ಚೆನ್ನಾಗಿದ್ದೇನೆ. ಹೋಟೆಲಿನಿಂದ ಬಂದ ಬೆಡ್‌ಶೀಟುಗಳ ರಾಶಿ ಇನ್ನೂ ಮೆಷಿನ್ನಿಗೆ ಹೋಗಿಲ್ಲ. ಇಸ್ತ್ರಿ ಮೇಜಿನ ಮೇಲೇ ಕಾಗದ ಹರಡಿಕೊಂಡು ಬರೆಯುತ್ತಿದ್ದೇನೆ. ಅಲ್ಲಲ್ಲಿ ಶಾಯಿ ಹರಡಿದ್ದರೆ ಅದು ಬೆವರು, ಅಕ್ಕ ಅತ್ತಳೆಂದು ತಿಳಿದು ಸಮಾಧಾನಪಟ್ಟುಕೊಳ್ಳಬೇಡ.

ಅಮ್ಮನ ವಿಷಯಕ್ಕೆ ಬರುತ್ತೇನೆ. ನಮ್ಮ ಅಮ್ಮ ಈ ವಯಸ್ಸಿನಲ್ಲಿ ಪಾಪ ಮಾಡಲು ಹೊರಟಿದ್ದಾಳೆ. ತಮಾಷೆ ಮಾಡುತ್ತಿಲ್ಲ. ಚೂಟಿಯನ್ನು ಮಣ್ಣು ಮಾಡಿದ ಮುಂದಿನ ಭಾನುವಾರವೇ ಶುರುವಾಯಿತು. ಜ್ವರವಿದ್ದರೂ ಆರಾಧನೆ ತಪ್ಪಿಸದವಳು ಅಂದು ಎಚ್ಚರವಿದ್ದೇ ಹಾಸಿಗೆಯಲ್ಲಿ ಗೋಡೆ ನೋಡುತ್ತ ಮಲಗಿದ್ದಳು. ಮಗಳು ಹೋದ ದುಃಖವೆಂದು ಸುಮ್ಮನಾದೆ. ಆಮೇಲೆ ಔಷಧಿ ಅಂಗಡಿಯವನಿಗೆ ತನ್ನ ವಯಸ್ಸು ತೊಂಬತ್ತು ಎಂದು ಸುಳ್ಳು ಹೇಳಿದಳು. ಅವನು ಎದ್ದು ನಿಂತು ಕುರ್ಚಿ ಕೊಟ್ಟ. ಕ್ಲಿನಿಕ್ಕಿನ ಕ್ಯಾಂಟೀನಿನಿಂದ ಒಂದು ಚಮಚ ಕದ್ದು ತಂದಳು. ಬಡಿಸುವ ಹೆಂಗಸಿಗೆ ಬೈಗುಳ ಬೀಳಬಹುದೆಂದು ರಾತ್ರಿಯಿಡೀ ಹೊರಳಾಡಿ, ಬೆಳಿಗ್ಗೆ ಆ ಚಮಚದ ಜೊತೆ ನಮ್ಮ ಮನೆಯದೂ ಒಂದನ್ನು ಕೊಟ್ಟು ನನ್ನನ್ನು ಅಟ್ಟಿದಳು. ಮಹಡಿಯ ಮನೆಯವಳಿಗೆ ಬಾಯಿಗೆ ಬಂದಂತೆ ಬೈದು, ಸಂಜೆ ಅವಳ ಮಗುವನ್ನು ತಾನೇ ಎತ್ತಿಕೊಂಡು ಮಲಗಿಸಿದಳು. ಪಾಪದಲ್ಲಿ ಅಮ್ಮನ ಕೈ ಪಳಗುತ್ತಿಲ್ಲ ಕಣೋ. ನಾನು ಮೊದಮೊದಲು ನಕ್ಕೆ.

ಹೋದ ವಾರ ನಗು ನಿಂತುಹೋಯಿತು. ಅಮ್ಮ ಚರ್ಚಿಗೆ ಬರುತ್ತಿಲ್ಲವೆಂದು ಸಭೆಯ ಹಿರಿಯರು ಆರಾಧನೆಯಲ್ಲಿ ಹಂಚುವ ಪ್ರಭುಭೋಜನದ ರೊಟ್ಟಿಯನ್ನು ಮನೆಗೇ ತಂದಿದ್ದರು. ಅಮ್ಮ ಬಾಗಿಲು ತೆಗೆದು, ನೋಡಿ, ಅವರ ಮುಖದ ಮೇಲೇ ಬಾಗಿಲು ಹಾಕಿದಳು. ಚಿಲಕವನ್ನೂ ಹಾಕಿ ಒಳಗೆ ಬಂದಳು. ಇದೇನು ಮಾಡಿದೆಯಮ್ಮಾ ಎಂದು ಕೇಳಿದೆ. ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ, ಕೂತು ಓದು. 'ಚೂಟಿ ಅಲ್ಲಿ ಒಬ್ಳೇ ಇದಾಳಲ್ಲೇ. ಗುರುತಿನೋರು ಅಂತ ಯಾರಿದಾರೆ ಅವಳಿಗೆ ಅಲ್ಲಿ? ವಿಧೇಯತೆ ಬಿಟ್ರೆ ರಕ್ಷಣೆನೂ ಹೋಗತ್ತೆ, ಸ್ವರ್ಗ ಸಿಗಲ್ಲ ಅಂತ ನಿನ್ನ ತಮ್ಮ ಹೇಳ್ದ. ಅವನು ಓದಿದೋನು, ಸರಿಯಾಗೇ ಹೇಳಿರ್ತಾನೆ. ನಾನೂ ಬಿಡ್ತೀನಿ. ಅವಳಿರೋ ಕಡೆ ಹೋಗ್ತೀನಿ.'

ಗೊತ್ತಾಯಿತೇ ಪಾಸ್ಟರೇ? ನಿನ್ನ ಬೋಧನೆಯನ್ನು ಈ ಭೂಮಿಯ ಮೇಲೆ ಪೂರ್ತಿಯಾಗಿ ನಂಬಿದವಳು ಒಬ್ಬಳಿದ್ದಾಳೆ, ಅವಳು ನಿನ್ನ ಹೆತ್ತ ತಾಯಿ.

ಸಮಾಧಿಯ ಹತ್ತಿರ ನೀನು ಏನು ಮಾಡಿದೆ ಎಂಬುದು ನಿನಗೆ ಮರೆತಿರಬಹುದು, ನನಗೆ ಮರೆತಿಲ್ಲ. ಪೆಟ್ಟಿಗೆ ಇಳಿಸಿಯಾಗಿತ್ತು. ಅಮ್ಮ ನನ್ನ ತೋಳು ಹಿಡಿದು ನಿಂತಿದ್ದಳು. ಮಗಳು ದೇವರ ಕೈಯಲ್ಲಿದ್ದಾಳೆ ಎಂಬ ಒಂದು ಮಾತಿಗೆ ಕಾಯುತ್ತಿದ್ದಳು. ಕುಡಿದು ಸತ್ತವರಿಗೂ, ಹೆಂಡತಿಯನ್ನು ಬಡಿದವರಿಗೂ ನೀನು ಆ ಮಾತು ಹೇಳಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ, ಅವರೆಲ್ಲ ಭಾನುವಾರ ತಪ್ಪಿಸದ ಜನ ನೋಡು. ಸ್ವಂತ ತಂಗಿಗೆ ಮಾತ್ರ ನಿನ್ನ ನಾಲಗೆ ಹೊರಳಲಿಲ್ಲ. ಒಮ್ಮೆ ಸಿಕ್ಕ ರಕ್ಷಣೆ ಕೊನೆಯವರೆಗೆ ಉಳಿಯುತ್ತದೆಂದು ಯಾರೂ ಮೈಮರೆಯಬಾರದು, ವಿಧೇಯತೆಯಿಂದ ಕಾಪಾಡಿಕೊಳ್ಳದವರು ಅದನ್ನು ಕಳೆದುಕೊಳ್ಳುತ್ತಾರೆ ಎಂದೆ. ನೆರೆದವರಿಗೆ ಅದೊಂದು ಎಚ್ಚರಿಕೆಯಂತೆ. ನಮ್ಮ ಚೂಟಿಯ ಹೆಣ ನಿನಗೆ ಒಂದು ಉದಾಹರಣೆಯಾಗಿ ಒದಗಿತು.

ಅವಳು ಮಾಡಿದ ಅಪರಾಧವಾದರೂ ಏನು? ಚರ್ಚಿನಲ್ಲಿ ಕೀಬೋರ್ಡ್ ನುಡಿಸುತ್ತಿದ್ದವಳು ಒಂದು ದಿನ ಅದರ ಮುಚ್ಚಳ ಹಾಕಿ, 'ನಂಗೆ ನಂಬಿಕೆ ಬರ್ತಾ ಇಲ್ಲ, ನಂಬಿಕೆ ಇರೋರ ಥರ ನುಡಿಸ್ತಾ ಕೂರೋಕಾಗಲ್ಲ' ಎಂದು ಹೇಳಿ ಎದ್ದು ಬಂದಳು. ಅಷ್ಟೇ. ಆಮೇಲೂ ಬಸ್ಸು ಓಡಿಸಿ ದಣಿದು ಬಂದವಳು ಯೂನಿಫಾರ್ಮಿನಲ್ಲೇ ಕೂತು ಅಮ್ಮನ ಕಾಲಿನ ಉಗುರು ಕತ್ತರಿಸುತ್ತಿದ್ದಳು. ಕೊನೆಯ ದಿನಗಳಲ್ಲಿ ಆಸ್ಪತ್ರೆಯಲ್ಲಿ ಅವಳ ಕಿವಿಗೆ ಫೋನ್ ಹಿಡಿದವಳು ನಾನೇ. ಈಗಲಾದರೂ ಪಶ್ಚಾತ್ತಾಪಪಡು ಎಂದು ನೀನು ಒತ್ತಾಯಿಸಿದೆ. 'ಸುಳ್ಳು ಹೇಳಿ ಸಾಯ್ಲಾ ಅಣ್ಣಾ?' ಎಂದು ಕೇಳಿದಳು. ನೀನು ಫೋನ್ ಇಟ್ಟುಬಿಟ್ಟೆ. ಅವಳು ಇನ್ನೂ ಸ್ವಲ್ಪ ಹೊತ್ತು ನಿನ್ನ ಉತ್ತರಕ್ಕೆ ಕಾಯುತ್ತಿದ್ದಳು.

ಹೆದರಬೇಡ, ಲಾಂಡ್ರಿಯವಳು ಕಲೆ, ಕೊಳೆ, ಬಿಳುಪು ಎಂದು ಉಪಮೆ ಕೊಟ್ಟು ನಿನಗೆ ಪ್ರಸಂಗ ಮಾಡಲು ಹೊರಟಿಲ್ಲ. ಕೈಬಿಟ್ಟು ಹೋದವರನ್ನು ದೇವರೂ ಕೈಬಿಡುತ್ತಾನೋ ಇಲ್ಲವೋ ನನಗೆ ನಿಜವಾಗಿಯೂ ಗೊತ್ತಿಲ್ಲ. ಬೈಬಲ್ ತೆರೆದರೆ ಒಂದು ಪುಟ ನಿನ್ನ ಪರವಾಗಿದೆ, ಇನ್ನೊಂದು ನನ್ನ ಪರವಾಗಿದೆ. ನಾನು ನಂಬುವವಳೇ, ಹಾಗಾಗಿ ರಾತ್ರಿ ಹೆದರಿಕೆಯೂ ಆಗುತ್ತದೆ. ಆದರೆ ನಿನಗೂ ಗೊತ್ತಿರಲಿಲ್ಲವಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದ್ದವನ ಹಾಗೆ, ತೆರೆದ ಗುಂಡಿಯ ಪಕ್ಕದಲ್ಲಿ, ತಾಯಿಯ ಮುಂದೆ ಹೇಳಿದೆ. ನಿನ್ನ ಮೇಲೆ ನನಗೆ ತಡೆಯಲಾರದಷ್ಟು ಕೋಪವಿದೆ. ವಿಧೇಯತೆ ಎಂಬ ಪದ ಕೇಳಿದರೆ ಈಗ ಮೈಯೆಲ್ಲ ಬೆಂಕಿ. ಹುಟ್ಟಿದಂದಿನಿಂದ ಎಲ್ಲರ ಮಾತು ಕೇಳಿಕೊಂಡೇ ಬಂದ ಹೆಂಗಸು ಅಮ್ಮ. ಅಪ್ಪನ ಮಾತು, ಸಭೆಯ ಮಾತು, ಕೊನೆಗೆ ನಿನ್ನ ಮಾತು. ಇವತ್ತು ನರಕಕ್ಕೆ ಹೊರಟಿರುವುದೂ ನಿನ್ನ ಮಾತು ಕೇಳಿಕೊಂಡೇ.

ಡಾಕ್ಟರು ಅವಳ ಹೃದಯದ ವಿಷಯದಲ್ಲಿ ಹೆಚ್ಚು ದಿನದ ಮಾತಾಡುತ್ತಿಲ್ಲ. ಉಸಿರು ಕಟ್ಟಿದರೆ ಮೊದಲು 'ಕರ್ತನೇ' ಎನ್ನುತ್ತಿದ್ದಳು. ಈಗ ಆ ಪದ ಬಾಯಿಯವರೆಗೆ ಬಂದದ್ದನ್ನು ತುಟಿ ಕಚ್ಚಿ ನುಂಗುತ್ತಾಳೆ. ಅದನ್ನು ದಿನಾ ನೋಡುವವಳು ನಾನು. ಹಾಗಾಗಿ ನೀನು ಬರಬೇಕು. ಪ್ರಾರ್ಥಿಸುತ್ತೇನೆ ಎಂದು ಫೋನಿನಲ್ಲಿ ಹೇಳಿ ಮುಗಿಸಬೇಡ. ಬಂದು ಅವಳ ಹಾಸಿಗೆಯ ಪಕ್ಕ ಕೂತು, 'ಅಮ್ಮಾ, ಚೂಟಿ ಎಲ್ಲಿದ್ದಾಳೋ ನಂಗೊತ್ತಿಲ್ಲ, ಗೊತ್ತಿರೋನ ಹಾಗೆ ಮಾತಾಡಿದ್ದು ತಪ್ಪಾಯ್ತು' ಎಂದು ನಿನ್ನ ಬಾಯಿಂದಲೇ ಹೇಳು. ನಾನು ಹೇಳಿ ನೋಡಿದೆ. 'ನೀನು ಪಾಸ್ಟರಾ?' ಎಂದು ಕೇಳಿದಳು.

ನಿನ್ನ ಹೆಂಡತಿಗೆ ನನ್ನ ನೆನಪು ತಿಳಿಸು, ಮಗುವಿಗೆ ಒಂದು ಮುತ್ತು. ನಿನಗೆ ಮಾತ್ರ ಆಶೀರ್ವಾದವನ್ನು ಸದ್ಯಕ್ಕೆ ತಡೆಹಿಡಿದಿದ್ದೇನೆ. ನಿನ್ನ ಲೆಕ್ಕದಲ್ಲಿ ಅದೂ ನಡತೆ ನೋಡಿ ಕೊಡುವಂಥದ್ದೇ ತಾನೇ.

ನಿನ್ನ ದೊಡ್ಡಕ್ಕ

ಇನ್ನೊಂದು ಮಾತು: ಕಾಗದ ಮಡಚುವಷ್ಟರಲ್ಲಿ ಅಮ್ಮ ಗೋಡೆ ಹಿಡಿದುಕೊಂಡು ಇಲ್ಲಿಗೇ ಬಂದಳು. ನಿನಗೆ ಬರೆಯುತ್ತಿದ್ದೇನೆ ಎಂದೆ. ನಿನ್ನನ್ನೊಂದು ಕೇಳಬೇಕಂತೆ, ಈಗಲೇ ಸೇರಿಸು ಎಂದು ಪಕ್ಕದಲ್ಲೇ ನಿಂತಿದ್ದಾಳೆ. ಮಗಳ ಮೇಲಿನ ಪ್ರೀತಿಗಾಗಿ ಮಾಡಿದ ಪಾಪವನ್ನು ದೇವರು ಪಾಪವೆಂದು ಹಿಡಿಯುತ್ತಾನೋ ಇಲ್ಲವೋ? 'ಇಲ್ಲ ಅಂತ ಮಾತ್ರ ಹೇಳ್ಬೇಡ ಅನ್ನು' ಎನ್ನುತ್ತಿದ್ದಾಳೆ. ಇಷ್ಟೆಲ್ಲ ಮಾಡಿದ ಮೇಲೂ ಅವನು ಕ್ಷಮಿಸಿ ತನ್ನನ್ನು ಒಳಗೆ ಕರೆದುಕೊಂಡುಬಿಟ್ಟರೆ ಏನು ಮಾಡುವುದೆಂದು ಅವಳಿಗೆ ತುಂಬ ಭಯವಾಗಿದೆ.