ಸಡಿಲ ಬಿಟ್ಟ ಅಚ್ಚು

ಮನೆಯಿಂದ,
ಒಂಬತ್ತನೇ ತಾರೀಕು, ಮಂಗಳವಾರ

ಪ್ರೀತಿಯ ತಮ್ಮಾ,

ನಾಲ್ಕನೇ ಕ್ಲಾಸಿಗೇ ಶಾಲೆಗೆ ಕೈಮುಗಿದು ಬಂದವಳ ಕೈಗೆ ಈ ವಯಸ್ಸಿನಲ್ಲಿ ಪೆನ್ನು ಕೊಟ್ಟಿದ್ದೀಯಲ್ಲ, ನಿನ್ನನ್ನು ಎಷ್ಟು ಬೈದರೂ ಸಾಲದು. ಬೈಯೋಣವೆಂದು ಫೋನ್ ಮಾಡಿದರೆ ನಿನ್ನ ಮಗಳು ಎತ್ತುತ್ತಾಳೆ. "ಅತ್ತೆ, ಅಪ್ಪ ಮಲಗಿದಾರೆ." ಬೆಳಿಗ್ಗೆ ಮಾಡಿದರೂ ಮಲಗಿದ್ದೀಯ, ಸಂಜೆ ಮಾಡಿದರೂ ಮಲಗಿದ್ದೀಯ. ಮೆಟ್ಟಿಲಲ್ಲಿ ಜಾರಿ ನೀನು ಮುರಿದುಕೊಂಡದ್ದು ಬಲಗೈ ಮಣಿಕಟ್ಟು, ಮಗಳ ಮನೆ ಸೇರಿದ ಮೇಲೆ ಇಷ್ಟೊಂದು ನಿದ್ದೆ ಎಲ್ಲಿಂದ ಬಂತು? ಅದಕ್ಕೇ ಈ ಪತ್ರ. ಪತ್ರಕ್ಕೆ ಮಲಗಿದ್ದಾನೆ ಎಂದು ಹೇಳಿ ವಾಪಸ್ ಕಳಿಸಲು ಬರುವುದಿಲ್ಲ.

ಕೈ ಹೇಗಿದೆ? ಪ್ಲಾಸ್ಟರ್ ತೆಗೆದರಂತೆ. ಬೆರಳು ಮಡಚಲು ಬರುತ್ತಿದೆಯೇ? ಡಾಕ್ಟರು ಕೊಟ್ಟ ರಬ್ಬರ್ ಚೆಂಡನ್ನು ಹಿಸುಕುತ್ತಿದ್ದೀಯೋ, ಮಂಚದ ಕೆಳಗೆ ಉರುಳಿಸಿ ಸಿಕ್ಕುತ್ತಿಲ್ಲ ಎನ್ನುತ್ತಿದ್ದೀಯೋ? ಹೊಟ್ಟೆ ತುಂಬ ಊಟ ಮಾಡುತ್ತಿದ್ದೀಯಾ? ನನ್ನ ಮಂಡಿ ಎಂದಿನ ಹಾಗೇ ಇದೆ, ಅದರ ಸುದ್ದಿ ಬೇಡ.

ಈಗ ವಿಷಯಕ್ಕೆ ಬರುತ್ತೇನೆ. ಹೋದ ವಾರ ನಿನ್ನ ಮಗಳೇ ಫೋನ್ ಮಾಡಿದಳು. "ಅಪ್ಪ ಇನ್ಮೇಲೆ ರೈಲು ಮಾಡೋದಿಲ್ವಂತೆ ಅತ್ತೆ. ಕೈಯಲ್ಲಿ ಚಿಕ್ಕ ಸಾಮಾನು ನಿಲ್ಲೋದಿಲ್ಲ. ಎಲ್ಲಾ ಮಾರಿಬಿಡಿ ಅಂದ್ರು. ಇಲ್ಲೇ ಇದ್ದುಬಿಡ್ತಾರೆ" ಎಂದಳು. ಅವಳ ಮೇಲೆ ನನಗೆ ಸಿಟ್ಟಿಲ್ಲ. ಅವಳಿಗೆ ಅಪ್ಪ ಹತ್ತಿರ ಬೇಕು, ಸರಿ. ಸಿಟ್ಟು ನಿನ್ನ ಮೇಲೆ. ನನ್ನ ಹಿಂದಿನ ಕೋಣೆಯಲ್ಲಿ ಗೋಡೆಯಿಂದ ಗೋಡೆಗೆ ಪುಟಾಣಿ ಹಳಿ ಹಾಸಿ, ನನಗೆ ಇಸ್ತ್ರಿ ಮೇಜು ಇಡಲೂ ಜಾಗ ಬಿಡದವನು, ಆ ಮಾತನ್ನು ನೀನೇ ನನ್ನ ಕಿವಿಗೆ ಹೇಳಬೇಕಿತ್ತು.

ಮರುದಿನವೇ, ಅವಳೇ ಹೇಳಿಕಳಿಸಿದಳಂತೆ, ರೈಲಿನ ಸಾಮಾನಿನ ಅಂಗಡಿಯವನು ಬಂದ. ಗಾಲಿ, ಕೊಂಡಿ ಎಲ್ಲ ನೀನು ಅವನ ಹತ್ತಿರವೇ ತರುತ್ತಿದ್ದೆಯಲ್ಲ, ಆ ದಪ್ಪ ಕನ್ನಡಕದವನು. ರಟ್ಟಿನ ಪೆಟ್ಟಿಗೆ ಹೊತ್ತುಕೊಂಡೇ ಬಂದಿದ್ದ. ಎಂಜಿನ್ ಎತ್ತಿ ನೋಡಿ ಪೆಟ್ಟಿಗೆಗೆ ಹಾಕಿಕೊಂಡ. ನೀನು ಹಲಗೆ ಸೀಳಿ ಕೈಯಾರೆ ಕಟ್ಟಿದ ವ್ಯಾಗನ್ನುಗಳನ್ನು ಮಾತ್ರ ಮೊಣಕೈಯಿಂದ ಆಚೆ ಸರಿಸಿದ. "ಇವು ಬೇಡ ಅಜ್ಜಿ, ಮನೇಲಿ ಮಾಡಿದ್ದನ್ನ ಯಾರೂ ಕೊಳ್ಳಲ್ಲ. ಗಾಲಿ ಬಿಚ್ಚಿಕೊಟ್ರೆ ತಗೊಳ್ತೀನಿ" ಎಂದ. ನನಗೆ ತಲೆ ಕೆಟ್ಟುಹೋಯಿತು. "ಕೋಟು ಬೇಡ, ಗುಂಡಿ ಕಿತ್ತುಕೊಡು ಅಂತೀಯಲ್ಲಪ್ಪಾ, ಮಾನ ಮರ್ಯಾದೆ ಇದೆಯಾ?" ಎಂದು ಎಂಜಿನ್ನನ್ನು ವಾಪಸ್ ತೆಗೆದಿಟ್ಟು, ಖಾಲಿ ಪೆಟ್ಟಿಗೆಯನ್ನು ಅವನ ಕೈಗೆ ಕೊಟ್ಟು ಕಳಿಸಿದೆ. ಇಪ್ಪತ್ತೈದನೇ ತಾರೀಕಿಗೆ ಮತ್ತೆ ಬರುತ್ತಾನಂತೆ. ಅಷ್ಟರಲ್ಲಿ ನನ್ನ ಮನಸ್ಸು ಬದಲಾಗಿರುತ್ತದಂತೆ. ನನ್ನ ಮನಸ್ಸು! ಪಾಪ, ಅವನಿಗೆ ನಾನು ಹೊಸಬಳು.

ಅವನು ಹೋದ ಮೇಲೆ ನಿನ್ನ ಮೇಜಿನ ಮುಂದೆ ಕೂತೆ. ಆ ಅರ್ಧ ವ್ಯಾಗನ್ ಅಲ್ಲೇ ಇತ್ತು, ನೀನು ಬಿದ್ದ ದಿನ ಬಿಟ್ಟುಹೋದ ಹಾಗೇ. ತಳ, ಪಕ್ಕ, ಬಾಗಿಲು ಎಲ್ಲ ಆಗಿತ್ತು. ಅಂಗಡಿಯಿಂದ ತಂದ ಬಿಡಿಭಾಗಗಳು ತಟ್ಟೆಯಲ್ಲಿ ಬಿದ್ದಿದ್ದವು. ಅರ್ಧ ಹೊಲಿದ ಬಟ್ಟೆಯನ್ನು ಮನೆಯಲ್ಲಿ ಇಟ್ಟುಕೊಂಡವಳಲ್ಲ ನಾನು. ಷರ್ಟ್ ಕಾರ್ಖಾನೆಯಲ್ಲಿ ಜನ್ಮವಿಡೀ ಕಾಲರ್ ಹಚ್ಚಿದ ಕೈ ಇದು, ಇದಕ್ಕೆ ನಾಲ್ಕು ಗಾಲಿ ಹಚ್ಚುವುದು ಏನು ಮಹಾ ಎಂದುಕೊಂಡೆ. ನಗಬೇಡ.

ಕೊಂಡು ತಂದದ್ದು ಎಂದರೆ ಅಂಟಿಸಿದರೆ ಆಯಿತು ಅಂದುಕೊಂಡಿದ್ದೆ. ಎಲ್ಲಿಯ ಮಾತು! ಅದು ಬೇರೆ ಯಾರದೋ ಮೈಯಳತೆಗೆ ಹೊಲಿದ ರೆಡಿಮೇಡ್. ಗಾಲಿಯ ಅಚ್ಚನ್ನು ಎರಡೂ ಕಡೆ ಹಿಡಿದುಕೊಳ್ಳುವ ಆ ಲೋಹದ ಕವಲುಗಳ ಬೆನ್ನು ದಪ್ಪ, ಅವುಗಳ ನಡುವೆ ಅಚ್ಚು ತೂರಲೇ ಇಲ್ಲ. ಅರ ಹಿಡಿದು ಬೆನ್ನು ಉಜ್ಜಿದೆ. ಸಿಟ್ಟಿನಲ್ಲಿ ಜಾಸ್ತಿಯೇ ಉಜ್ಜಿದೆ, ಗಾಲಿ ಕಳಚಿ ಮಡಿಲಿಗೆ ಬಿತ್ತು. ಆಮೇಲೆ ಕಾಲರಿನ ಒಳಗೆ ಕ್ಯಾನ್ವಾಸ್ ಕೊಡುವ ಹಾಗೆ ಕವಲಿನ ಹಿಂದೆ ತೆಳ್ಳನೆ ರಟ್ಟಿನ ಚೂರು ಕೊಟ್ಟು ಕೂರಿಸಿದೆ. ಊದಿದರೆ ತಿರುಗುತ್ತದೆ ಈಗ. ಇನ್ನೊಂದು ತುದಿಯ ಗಾಲಿಜೋಡಿಯನ್ನು ನೀನೇ ಮೊದಲೇ ಕೂರಿಸಿಟ್ಟಿದ್ದೆ. ಆದರೆ ಅದು ಮುಟ್ಟಿದರೆ ಸಾಕು, ತಕ್ಕಡಿಯ ಹಾಗೆ ಆಚೆ ಈಚೆ ತೂಗುತ್ತಿತ್ತು. ಅವಸರದಲ್ಲಿ ಸಡಿಲ ಬಿಟ್ಟಿದ್ದಾನೆ ಎಂದುಕೊಂಡು ಎರಡು ಹನಿ ಅಂಟು ಬಿಟ್ಟು ಬಿಗಿ ಮಾಡಿಬಿಟ್ಟೆ. ಸಡಿಲ ಹೊಲಿಗೆ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ, ನಿನಗೇ ಗೊತ್ತು.

ಹಳಿಯ ಮೇಲೆ ಬಿಟ್ಟರೆ ಕಿಟಕಿಯ ಹತ್ತಿರದ ತಿರುವಿನಲ್ಲಿ ಮಗುಚಿತು. ಮತ್ತೆ ಬಿಟ್ಟೆ, ಮತ್ತೆ ಅಲ್ಲೇ ಮಗುಚಿತು. ಹಳಿಯನ್ನು ಬೈದೆ, ಅಂಗಡಿಯವನನ್ನು ಬೈದೆ, ನಿನ್ನನ್ನೂ ಬಿಡಲಿಲ್ಲ. ಕೊನೆಗೆ ಕನ್ನಡಿಯ ಮೇಲೆ ಇಟ್ಟು ಬಗ್ಗಿ ನೋಡಿದರೆ ಮೂರು ಗಾಲಿ ಕನ್ನಡಿಗೆ ತಾಗಿದೆ, ನಾಲ್ಕನೆಯದು ಗಾಳಿಯಲ್ಲಿದೆ. ನಿನ್ನ ಹಳೇ ವ್ಯಾಗನ್ನುಗಳನ್ನೆಲ್ಲ ಒಂದೊಂದಾಗಿ ಬೋರಲು ಹಾಕಿದೆ. ಎಲ್ಲವೂ ಒಂದೇ ಥರ! ಒಂದು ಅಚ್ಚು ಬಿಗಿ, ಇನ್ನೊಂದು ನಡುವಿನ ತಂತಿಯ ಮೇಲೆ ತೂಗುತ್ತದೆ. ಅಡುಗೆಮನೆಯ ನಾಲ್ಕು ಕಾಲಿನ ಸ್ಟೂಲು ನೆಲದ ಮೇಲೆ ಕುಣಿಯುತ್ತದಲ್ಲ, ಅದರ ಕಾಲು ಬಿಗಿ, ನೆಲ ಅಂಕುಡೊಂಕು. ಇಲ್ಲಿ ಹಳಿ ತಗ್ಗಿದ ಕಡೆ ಗಾಲಿಯೂ ತಗ್ಗಲಿ ಎಂದು ನೀನು ಬೇಕೆಂದೇ ಸಡಿಲ ಬಿಟ್ಟಿದ್ದೆ. ತೋಳು ಕೂಡಿಸುವಾಗ ಕಂಕುಳಲ್ಲಿ ಸಡಿಲ ಬಿಡದಿದ್ದರೆ ಕೈ ಎತ್ತಲಾಗುವುದಿಲ್ಲ ಎಂದು ಕಾರ್ಖಾನೆಗೆ ಬಂದ ಹೊಸಬರಿಗೆಲ್ಲ ಬೈದು ಬೈದು ಕಲಿಸಿದವಳು ನಾನು, ನನಗೇ ಹೊಳೆಯಲಿಲ್ಲ. ಹೊಲಿಗೆ ಬಿಚ್ಚುವ ಬ್ಲೇಡಿನಿಂದ ಅಂಟು ಕೆತ್ತಿ ತೆಗೆದೆ. ಬೆರಳು ಕೊಯ್ದುಕೊಂಡೆ, ದೊಡ್ಡದೇನಲ್ಲ. ವ್ಯಾಗನ್ ಈಗ ಕೋಣೆಯನ್ನೆಲ್ಲ ಸುತ್ತಿ ಬರುತ್ತದೆ.

ನಾನು ಹೇಳುವುದು ಇಷ್ಟೇ. ಬೆರಳು ಸೆಟೆದಿದೆ, ಒಪ್ಪಿದೆ. ಬಾಯಿಗೆ ಪ್ಲಾಸ್ಟರ್ ಹಾಕಿರಲಿಲ್ಲವಲ್ಲ? ನೀನು ಇಲ್ಲಿಗೆ ಬಂದು ಕುರ್ಚಿಯಲ್ಲಿ ಕೂತು ಹೇಳು, ನಾನು ಮಾಡುತ್ತೇನೆ. ಕೆಡಿಸಿದರೆ ಬೈ, ನಾನೂ ತಿರುಗಿ ಬೈಯುತ್ತೇನೆ. ಅಲ್ಲಿ ನಿನ್ನನ್ನು ಬೈಯುವವರು ಯಾರಿದ್ದಾರೆ? ಎಲ್ಲರೂ ಮೆತ್ತಗೆ ಮಾತಾಡಿ ಮಾತಾಡಿಯೇ ನಿನ್ನನ್ನು ಹಾಸಿಗೆಗೆ ಅಂಟಿಸಿದ್ದಾರೆ. ಹಾಗಂತ ಸಾಮಾನು ನನ್ನದಲ್ಲ, ನಿನ್ನದು. ಮಾರಬೇಕೆಂದು ನೀನೇ ಬರೆದರೆ ಇಪ್ಪತ್ತೈದಕ್ಕೆ ನಾನೇ ಬಾಗಿಲು ತೆಗೆದು ಕೊಡುತ್ತೇನೆ, ಅಡ್ಡ ನಿಲ್ಲುವುದಿಲ್ಲ. ಆದರೆ ಮಗಳ ಬಾಯಿಂದ ಬಂದ ಮಾತಿಗೆ ಒಂದು ಮೊಳೆಯನ್ನೂ ಕೊಡುವವಳಲ್ಲ.

ಮಗಳು ಅಳಿಯ ಇಬ್ಬರಿಗೂ ನನ್ನ ಆಶೀರ್ವಾದ ತಿಳಿಸು, ಮೊಮ್ಮಗುವಿಗೆ ಒಂದು ಮುತ್ತು ಕೊಡು. ನಿನ್ನ ಕೈ ಬೇಗ ನೆಟ್ಟಗಾಗಲಿ. ಬುದ್ಧಿ ಅದಕ್ಕಿಂತ ಮೊದಲು ನೆಟ್ಟಗಾಗಲಿ.

ನಿನ್ನ ಅಕ್ಕ

ತಾ.ಕ.: ಲಕೋಟೆ ಅಂಟಿಸಲು ಹೊರಟವಳು ಮತ್ತೆ ಬಿಚ್ಚಿದೆ. ಬಫರ್ ಒಂದು ಬಾಕಿ ಇದೆ, ಒಂದು ವ್ಯಾಗನ್ ಇನ್ನೊಂದಕ್ಕೆ ಗುದ್ದದ ಹಾಗೆ ಮೂತಿಗೆ ಹಾಕುವ ಗುಂಡಿಗಳು. ಅಂಗಡಿಯವನು ಕೊಟ್ಟದ್ದರ ಬಾಲ ದಪ್ಪ, ನೀನು ಕೊರೆದ ತೂತು ಸಣ್ಣ. ತೂತು ಅಗಲಿಸಿದರೆ ಮುಂದಿನ ಪಟ್ಟಿ ಸೀಳುವ ಹಾಗಿದೆ, ಬಾಲ ಉಜ್ಜಿದರೆ ಬುಡದಲ್ಲಿ ಮುರಿಯುವ ಹಾಗಿದೆ. ನೀನು ಯಾವುದನ್ನು ಮಾಡುತ್ತಿದ್ದೆ? ಆ ಕನ್ನಡಕದವನನ್ನು ನಾನು ಸತ್ತರೂ ಕೇಳುವುದಿಲ್ಲ. ಬಿಸಾಕು ಎನ್ನುವುದು ಇದಕ್ಕೆ ಉತ್ತರ ಅಲ್ಲ. ಮಗಳ ಕೈಲಿ ಬರೆಸಬೇಡ, ಎಡಗೈಯಲ್ಲೇ ಗೀಚು, ಹೇಗಿದ್ದರೂ ಓದಿಕೊಳ್ಳುತ್ತೇನೆ. ತೂತು ಅಗಲಿಸಲೋ, ಬಾಲ ಉಜ್ಜಲೋ? ಇಪ್ಪತ್ತನೇ ತಾರೀಕಿನೊಳಗೆ ಉತ್ತರ ಬರಬೇಕು.