ನನ್ನ ಪಾಲಿನ ಅಳು

ಅತ್ತಿ, ನಿಮ್ಮ ಸೊಸೆಯ ಶರಣು.

ಕೆಂಭಾವಿಯ ನಮ್ಮ ಅಡುಗೆಮನೆಯಲ್ಲಿ ನಾನು ಕಡಕ್ ರೊಟ್ಟಿ ಮುರಿದಾಗಲೆಲ್ಲ ನೀವು ತಂಬಿಗೆ ನೀರು ತಂದು ಪಕ್ಕದಲ್ಲಿಡುತ್ತಿದ್ದಿರಿ. ನೀರಿಲ್ಲದೆ ಒಂದು ತುತ್ತೂ ನನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. “ಕಾಲುವಿ ಬಂದಿದ್ದು ಹೊಲಕ್ಕಲ್ಲವ್ವಾ, ನಿನಗಽ ಬಂದೈತಿ ನೋಡು” ಎಂದು ನಗುತ್ತಿದ್ದಿರಿ. ಎಂ.ಎ. ಓದಿದವಳ ನಖರಾ ಎಂದು ಬೇರೆಯವರು ಅಂದರು. ನೀವು ಒಂದು ದಿನವಾದರೂ...

ಮಾವ ತೀರಿಕೊಂಡ ದಿನ ನೆನಪಿದೆಯೇ? ಹೆಂಗಸರೆಲ್ಲ ಹಾಡಿಕೊಂಡು ಅಳುತ್ತಿದ್ದರು. ನನ್ನ ಕಣ್ಣಲ್ಲಿ ಮರಳು ಹೊಕ್ಕಂಥ ಉರಿ, ಹನಿ ಮಾತ್ರ ಇಲ್ಲ. “ಓದಿದಾಕಿ ನೋಡ್ರಿ, ಕಣ್ಣ ಕಲ್ಲ ಆಗ್ಯಾವ” ಎಂದಳು ಪಕ್ಕದ ಮನೆಯ ನೀಲಮ್ಮ, ನನಗೆ ಕೇಳುವಂತೆಯೇ. ನೀವು ಹಾಡು ನಿಲ್ಲಿಸಲಿಲ್ಲ, ಅದರೊಳಗೇ ಒಂದು ಸಾಲು ಸೇರಿಸಿದಿರಿ: “ನನ್ನ ಸೊಸಿ ಪಾಲಿಂದೂ ನಾನಽ ಅಳತೀನಿ, ಕೇಳ ನನ್ನ ದೊರಿಯೇ...” ನೀಲಮ್ಮ ತಲೆ ತಗ್ಗಿಸಿ ಹಾಡಿಗೆ ದನಿಗೂಡಿಸಿದಳು. ಎಷ್ಟೋ ಕವಿತೆ ಓದಿದ್ದೇನೆ ಅತ್ತಿ. ಆ ಸಾಲಿನಷ್ಟು ನನ್ನನ್ನು ಕಾಯ್ದದ್ದು ಬೇರೆ ಯಾವುದಿದೆ?

ನೀವು ತೀರಿಹೋದ ದಿನ ನನ್ನ ಪಾಲು ಅಳುವವರಿರಲಿಲ್ಲ. ನಿಮ್ಮ ತಲೆ ಬಾಚಿ, ವಿಭೂತಿ ಹಚ್ಚಿ, ಒಣಗಣ್ಣಿನಲ್ಲೇ ಕೂತಿದ್ದೆ. ನೀಲಮ್ಮ ಮತ್ತೆ ಅದೇ ಮಾತು ಅಂದಳು. ನನಗೂ ಅನುಮಾನ ಬಂತು, ನಿಜವಾಗಿಯೂ ನಾನು...

ಈ ವರ್ಷ ಒಂದು ಬೆಳಿಗ್ಗೆ ಹಾಸಿಗೆಯಿಂದ ಕಾಲೇ ಏಳಲಿಲ್ಲ. ಎಲ್ಲರೂ “ಲಕ್ವಾ ಹೊಡದೈತಿ” ಎಂದರು. ನಿಮ್ಮ ಮಗ ಕಲಬುರಗಿಯ ದವಾಖಾನೆಗೆ ಒಯ್ದರು. ರಕ್ತದಲ್ಲಿ ಪೊಟ್ಯಾಸಿಯಂ ಎಂಬ ಲವಣ ತಳಕ್ಕಿಳಿದಿತ್ತು. ಅದನ್ನು ಸಲೈನಿನಲ್ಲಿ ಕೊಟ್ಟ ಮೇಲೆ ಕಾಲು ಮತ್ತೆ ನನ್ನವಾದವು. ಡಾಕ್ಟರಮ್ಮ ಕೇಳಿದರು: “ನೀರಿಲ್ಲದ ರೊಟ್ಟಿ ಇಳೀತದೇನ್ರಿ? ಅತ್ತರ ಕಣ್ಣೀರ ಬರ್ತಾವೇನ್ರಿ?” ನನಗೆ ನಿಮ್ಮ ತಂಬಿಗೆ ನೆನಪಾಯಿತು. ದೇಹ ತನ್ನದೇ ಜೊಲ್ಲಿನ, ಕಣ್ಣೀರಿನ ಗ್ರಂಥಿಗಳನ್ನು ಪರರವೆಂದು ತಿಳಿದು ಹಾಳುಮಾಡುವ ರೋಗವಂತೆ. ಅದು ಮೂತ್ರಪಿಂಡಕ್ಕೂ ತಾಗಿ ಲವಣವೆಲ್ಲ ಮೂತ್ರದಲ್ಲಿ ಸೋರಿಹೋಗುತ್ತಿತ್ತು. ಈಗ ಔಷಧಿ ಕುಡಿಯುತ್ತೇನೆ, ಕಣ್ಣಿಗೆ ಹನಿ ಹಾಕಿಕೊಳ್ಳುತ್ತೇನೆ, ಸಂಜೆ ಕಾಲುವೆಯ ತನಕ ನಡೆದು ಬರುತ್ತೇನೆ.

ಮೊನ್ನೆ ನೀಲಮ್ಮ ನೋಡಲು ಬಂದಿದ್ದಳು. ಎಲ್ಲ ಹೇಳಿದೆ. ಬಗ್ಗಿ ನನ್ನ ಕಣ್ಣನ್ನೇ ನೋಡಿದಳು. ಆಮೇಲೆ ಸೆರಗು ಬಾಯಿಗಿಟ್ಟು, ನಿಮ್ಮ ಹೆಸರು ಹಿಡಿದು, ರಾಗ ತೆಗೆದು ಅಳತೊಡಗಿದಳು.

“ಈಗ್ಯಾಕ ನೀಲಕ್ಕಾ?” ಎಂದೆ.

“ನೀ ಸುಮ್ಕ ಕುಂದ್ರು. ಅವತ್ತಿಂದು, ನಿನ್ನ ಪಾಲಿಂದು ಇದು.”